ಗದಗಿನ ಸರಸ್ವತಿ ಗುಡಿಯಲ್ಲಿ ಮಗಳ ಅಕ್ಷರಾಭ್ಯಾಸ ಮಾಡಿಸಬಹುದೇ? ಗುಡಿಯ ಇತಿಹಾಸ ಬಲ್ಲವರು ತಿಳಿಸಿ

ವಿದ್ಯಾನಗರದ ತಾಯಿ (ಹುಬ್ಬಳ್ಳಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಐದನೆಯ ವರ್ಷ ನಡೆಯುತ್ತಿದೆ. ಬರುವ ಜೂನ್ ತಿಂಗಳಲ್ಲಿ ಅವಳನ್ನು ಸಾಲಿಗೆ ಹಚ್ಚುವವರಿದ್ದೇವೆ. ಅದಕ್ಕೂ ಮೊದಲು ಒಂದು ಒಳ್ಳೆಯ ದಿನ ನೋಡಿ ಅಕ್ಷರಾಭ್ಯಾಸ ಮಾಡಿಸಬೇಕೆಂಬುದು ಮನೆಯ ಹಿರಿಯರ ಆಸೆ. ಮಾವನವರು ಶೃಂಗೇರಿಗೆ ಹೋಗೋಣ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ತೆಲಂಗಾಣದ ಬಾಸರಕ್ಕೆ ಹೋಗಿ ಮಕ್ಕಳಿಂದ ಅಕ್ಷರ ಬರೆಸಿಕೊಂಡು ಬಂದವರು ಅಲ್ಲಿಗೇ ಹೋಗಬೇಕೆಂದು ಒತ್ತಾಯ ಮಾಡುತ್ತಿದ್ದಾರೆ.

ನನ್ನ ಮನಸ್ಸು ಮಾತ್ರ ಗದಗಿನ ಕಡೆಗೆ ಎಳೆಯುತ್ತಿದೆ. ಅಲ್ಲಿಯ ತ್ರಿಕೂಟೇಶ್ವರ ಎಂಬ ಶಿವನ ಗುಡಿಯ ಆವರಣದಲ್ಲಿರುವ ಸರಸ್ವತಿ ಗುಡಿಯನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಮಂಟಪದ ಕಂಬಗಳ ಮೇಲೆ ಬೆರಳಿನ ಉಗುರಿಗಿಂತ ಸಣ್ಣ ಮಣಿಸಾಲುಗಳಿವೆ, ಕಿರುಗೂಡುಗಳ ಒಳಗೆ ಕಿರುಮೂರ್ತಿಗಳಿವೆ. ಒಳಗೆ ದೇವಿ ಪದ್ಮಾಸನ ಹಾಕಿ ಕುಳಿತಿದ್ದಾಳೆ. ಕೊರಳಿನ ಹಾರದ ಎಳೆ ಎಳೆಯೂ ಕಾಣುತ್ತದೆ, ಆದರೆ ಕೈಗಳು ಮುರಿದಿವೆ. ಪಕ್ಕದಲ್ಲೇ ತ್ರಿಕೂಟೇಶ್ವರನಿಗೆ ಮಂಗಳಾರತಿ ನಡೆಯುತ್ತಿದ್ದರೂ ಈ ತಾಯಿಯ ಮುಂದೆ ಅಂಥ ನಿತ್ಯದ ಪೂಜೆ ಇರಲಿಲ್ಲ.

ಮನೆಯಿಂದ ಸುಮಾರು 60 ಕಿ.ಮೀ. ದೂರದಲ್ಲಿ ಸರಸ್ವತಿಗೆಂದೇ ಕಟ್ಟಿದ ಇಷ್ಟು ಹಳೆಯ ಗುಡಿ ಇರುವಾಗ, ನಮ್ಮವರು ಮಕ್ಕಳನ್ನು ಕರೆದುಕೊಂಡು ನೂರಾರು ಕಿಲೋಮೀಟರ್ ಪ್ರಯಾಣ ಮಾಡುವುದೇಕೆ? ಈ ಗುಡಿ ಯಾವ ಕಾಲದ್ದು, ಶಿವನ ಆವರಣದಲ್ಲಿ ಸರಸ್ವತಿಗೆ ಪ್ರತ್ಯೇಕ ಗುಡಿ ಕಟ್ಟಿಸಲು ಕಾರಣವೇನು, ಭಗ್ನವಾದ ಮೂರ್ತಿಯ ಮುಂದೆ ಅಕ್ಷರಾಭ್ಯಾಸ ಮಾಡಿಸಿದರೆ ದೋಷವೇ? ವಸಂತ ಪಂಚಮಿಯ ದಿನ ಮಾಡಿಸಬೇಕೆಂಬ ವಿಚಾರವಿದೆ. ನಮ್ಮ ಭಾಗದ ರೂಢಿಗೆ ಅದು ಒಪ್ಪುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಸಾಧನಕೇರಿ ಓದುಗ (ಧಾರವಾಡ) ಬರೆದದ್ದು:

ಅಕ್ಕಾವರೇ, ಶಾಸ್ತ್ರದ ಪ್ರಶ್ನೆಗೆ ನನಗಿಂತ ಬಲ್ಲವರು ಉತ್ತರಿಸಲಿ. ಇತಿಹಾಸದ ಮಟ್ಟಿಗೆ ನಾನು ಹೇಳುತ್ತೇನೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಏಕೆಂದರೆ ಈ ಗುಡಿಯನ್ನು ಅದರ ಸುತ್ತಲಿನ ಊರುಗಳಿಂದ ಬೇರ್ಪಡಿಸಿ ನೋಡಿದರೆ ಅದರ ಮಹತ್ವ ತಿಳಿಯುವುದಿಲ್ಲ.

ಗುಡಿ ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯದು, ಅಂದರೆ 11-12ನೆಯ ಶತಮಾನದ ಕೆಲಸ. ಬಾದಾಮಿ, ಐಹೊಳೆಗಳಲ್ಲಿ ಕೆಂಪು ಮರಳುಗಲ್ಲಿನಲ್ಲಿ ಕೆತ್ತುತ್ತಿದ್ದ ಶಿಲ್ಪಿಗಳ ಪರಂಪರೆ ಈ ಹೊತ್ತಿಗೆ ಲಕ್ಕುಂಡಿ, ಗದಗುಗಳ ಸುತ್ತ ಕಪ್ಪು-ಹಸಿರು ಛಾಯೆಯ ಬಳಪದ ಕಲ್ಲಿಗೆ ಒಗ್ಗಿಕೊಂಡಿತ್ತು. ಈ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಆದುದರಿಂದಲೇ ಕಂಬಗಳನ್ನು ತಿರುಗಣೆಗೆ ಕೊಟ್ಟು ನುಣುಪಾಗಿ ಕಡೆಯುವುದು, ನೀವು ನೋಡಿದ ಮಣಿಸಾಲುಗಳನ್ನು ಬಿಡಿಸುವುದು ಸಾಧ್ಯವಾಯಿತು. ಮುಂಬಯಿ ಕರ್ನಾಟಕದ ಚಾಲುಕ್ಯ ಗುಡಿಗಳನ್ನು ಸಮೀಕ್ಷೆ ಮಾಡಿ 1926ರಲ್ಲಿ ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್ ಕೂಡ ಈ ಮಂಟಪದ ಕಂಬಗಳನ್ನು ಬಹುವಾಗಿ ಮೆಚ್ಚಿಕೊಂಡಿದ್ದಾನೆ. ಜಕಣಾಚಾರಿಯೇ ಕೆತ್ತಿದ ಗುಡಿ ಎಂದು ಊರಲ್ಲಿ ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಿದ್ದುಬಿಡಿ. ನಮ್ಮ ಭಾಗದಲ್ಲಿ ಕಣ್ಣಿಗೆ ಚಂದ ಕಂಡ ಪ್ರತಿಯೊಂದು ಹಳೆಯ ಗುಡಿಯೂ ಜಕಣಾಚಾರಿಯದೇ. ಅದು ಜನರ ಮೆಚ್ಚುಗೆಯ ಮಾತು ಎಂದು ತಿಳಿದುಕೊಂಡರೆ ಸಾಕು.

ಇನ್ನು ಶಿವನ ಆವರಣದಲ್ಲಿ ಸರಸ್ವತಿ ಏಕೆ ಎಂಬುದು. ತ್ರಿಕೂಟೇಶ್ವರನ ಗರ್ಭಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಅವನ್ನು ಬ್ರಹ್ಮ, ವಿಷ್ಣು, ಮಹೇಶ್ವರರೆಂದು ಪೂಜಿಸುತ್ತಾರೆ. ಬ್ರಹ್ಮನಿಗೆ ಪೂಜೆ ಸಲ್ಲುವಲ್ಲಿ ಅವನ ಶಕ್ತಿಯಾದ ಸರಸ್ವತಿಗೆ ಜಾಗ ಸಿಕ್ಕುವುದು ಸಹಜವೇ ಆಗಿದೆ. ಆದರೆ ಇಷ್ಟರಿಂದಲೇ ವಿಷಯ ಮುಗಿಯುವುದಿಲ್ಲ. ತ್ರಿಕೂಟೇಶ್ವರನ ಸ್ಥಾನವನ್ನು ನಡೆಸುತ್ತಿದ್ದವರು ಕಾಳಾಮುಖ ಶೈವ ಆಚಾರ್ಯರು. 1191ರಲ್ಲಿ ದೇವಗಿರಿಯ ಯಾದವ ಭಿಲ್ಲಮ ಈ ದೇವರಿಗೆ ದತ್ತಿ ಬಿಟ್ಟ. ಸೊರಟೂರು, ಲಕ್ಕುಂಡಿಗಳ ಸುತ್ತ ಭಿಲ್ಲಮನ ಸೈನ್ಯವನ್ನು ಸೋಲಿಸಿದ ಹೊಯ್ಸಳ ಎರಡನೆಯ ವೀರಬಲ್ಲಾಳ 1192ರಲ್ಲಿ ಇದೇ ದೇವರಿಗೆ ದತ್ತಿ ಕೊಟ್ಟು, ಅದನ್ನು ಸಿದ್ಧಾಂತಿ ಚಂದ್ರಭೂಷಣ ಪಂಡಿತದೇವ ಎಂಬ ಆಚಾರ್ಯರಿಗೆ ಒಪ್ಪಿಸಿದ. ನಾಡಿನ ಒಡೆತನ ಕೈಬದಲಾದರೂ ಸ್ಥಾನಕ್ಕೆ ಸಲ್ಲುವುದು ನಿಲ್ಲಲಿಲ್ಲ.

ಕಾಳಾಮುಖರ ಮಠಗಳು ಎಂದರೆ ಆ ಕಾಲದ ದೊಡ್ಡ ವಿದ್ಯಾಲಯಗಳು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನವನ್ನು ಓದಿದರೆ, ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು, ಬಡವರಿಗೆ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತು ಎಂದು ತಿಳಿಯುತ್ತದೆ. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ (ಉನ್ನತ ವಿದ್ಯಾಕೇಂದ್ರದ) 1058ರ ಶಾಸನದಲ್ಲಂತೂ ಗುರುಗಳ ಜೊತೆಗೆ 6 ಮಂದಿ ಸರಸ್ವತೀ ಭಂಡಾರಿಗರಿಗೂ ಭೂಮಿ ಬಿಟ್ಟ ವಿವರವಿದೆ. ಗ್ರಂಥಗಳನ್ನು ಇರಿಸಿದ ಕೋಣೆಯೇ ಸರಸ್ವತಿಯ ಭಂಡಾರ. ಅದನ್ನು ಕಾಯುವವನು ಅವಳ ಭಂಡಾರಿ. ಓಲೆಗರಿಗೆ ಗೆದ್ದಲು ಹಿಡಿಯದಂತೆ ನೋಡಿಕೊಳ್ಳುವುದೂ ದೇವಿಯ ಸೇವೆಯೆಂದು ಎಣಿಸಿದ್ದ ಕಾಲವದು. ಅಂಥ ಶತಮಾನದಲ್ಲಿ, ಪಾಠಪ್ರವಚನ ಬಲ್ಲ ಆಚಾರ್ಯರ ಸ್ಥಾನದಲ್ಲಿ, ಸರಸ್ವತಿಗೆ ಇಷ್ಟು ಖರ್ಚು ಮಾಡಿ ಗುಡಿ ಕಟ್ಟಿಸಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ.

ಈಗ ಸುತ್ತಲಿನ ಊರುಗಳನ್ನು ನೋಡಿ. ಗದಗಿನಿಂದ ಹನ್ನೆರಡು ಕಿಲೋಮೀಟರ್ ಆಚೆಗಿರುವ ಲಕ್ಕುಂಡಿಯಲ್ಲಿ 1007ರ ಹೊತ್ತಿಗೆ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣ ಮರೆತುಹೋಗಬಾರದೆಂದು ಅದರ 1000 ಓಲೆಯ ಪ್ರತಿಗಳನ್ನು ಬರೆಸಿ ಹಂಚಿದಳು. ಅಚ್ಚುಯಂತ್ರವಿಲ್ಲದ ಕಾಲದಲ್ಲಿ ಒಂದು ಕಾವ್ಯದ ಸಾವಿರ ಪ್ರತಿ ಎಂದರೆ ಎಷ್ಟು ತಾಳೆಗರಿ, ಎಷ್ಟು ಕಂಠ (ಓಲೆಯ ಮೇಲೆ ಬರೆಯುವ ಲೋಹದ ಲೇಖನಿ), ಎಷ್ಟು ಲಿಪಿಕಾರರ ಎಷ್ಟು ತಿಂಗಳ ದುಡಿಮೆ ಎಂದು ಯೋಚಿಸಬೇಕು. ರನ್ನನ ಅಜಿತಪುರಾಣ 993ರಲ್ಲಿ ಹುಟ್ಟಿದ್ದೂ ಅವಳ ಆಶ್ರಯದಲ್ಲಿಯೇ. ಗದಗಿನ ಇನ್ನೊಂದು ಮಗ್ಗುಲಿಗೆ ಮುಳಗುಂದವಿದೆ. ಅಲ್ಲಿ 1047ರಲ್ಲಿ ಸಂಸ್ಕೃತ ಮಹಾಪುರಾಣವನ್ನು ಮುಗಿಸಿದ ಜೈನಮುನಿ ಮಲ್ಲಿಷೇಣರು ಸರಸ್ವತಿಯ ಉಪಾಸನೆಗೆಂದೇ ಒಂದು ಮಂತ್ರಕಲ್ಪವನ್ನು ಬರೆದವರು. ಮುಂಡರಗಿ ದಾರಿಯ ಡಂಬಳದಲ್ಲಿ 1095ರ ಶಾಸನವೊಂದು, ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಊರಿನ 16 ಮಂದಿ ಸೆಟ್ಟಿಗಳು ಕಟ್ಟಿಸಿದ ಬುದ್ಧನ ವಿಹಾರವನ್ನೂ, ಬೌದ್ಧರ ಆರ್ಯತಾರಾದೇವಿಯ ವಿಹಾರವನ್ನೂ ಹೇಳುತ್ತದೆ.

ಒಂದೇ ನೂರು ವರ್ಷದೊಳಗೆ, ಬಂಡಿಯಲ್ಲಿ ಒಂದು ದಿನದ ದಾರಿಯ ಒಳಗೆ, ಶೈವರು, ಜೈನರು, ಬೌದ್ಧರು ಮೂವರೂ ದೇವಿಯರನ್ನು ಪೂಜಿಸುತ್ತ, ಗ್ರಂಥಗಳನ್ನು ಬರೆಸುತ್ತ ಬದುಕಿದ ನೆಲವಿದು. ಗದಗಿನ ಸರಸ್ವತಿಯ ಆಧ್ಯಾತ್ಮಿಕ ಮಹತ್ವವನ್ನು ನೀವು ಕೇಳಿದರೆ ನಾನು ಇದನ್ನೇ ಮೊದಲು ಹೇಳುತ್ತೇನೆ: ಇಲ್ಲಿ ಅವಳ ಪೂಜೆಯೆಂದರೆ ಓದಿಸುವುದು, ಬರೆಸುವುದು, ಬರೆಸಿದ್ದನ್ನು ದಾನ ಮಾಡುವುದು ಆಗಿತ್ತು. ಹರಕೆ, ಪವಾಡ, ಸ್ಥಳಪುರಾಣಗಳ ಬಲದಿಂದ ಬೆಳೆದ ಕ್ಷೇತ್ರ ಇದಲ್ಲವಾದುದರಿಂದ, ಪಾಠ ನಿಂತಾಗ ಜನ ಬರುವುದೂ ನಿಂತಿರಬೇಕು. ಇದು ನನ್ನ ಊಹೆ ಅಷ್ಟೇ, ಆದರೆ ಬಹಳ ದೂರದ ಊಹೆಯಲ್ಲ.

ಕೋಟೆ ಓಣಿಯ ಪುರೋಹಿತ (ಗದಗ) ಬರೆದದ್ದು:

ತಾಯಿ, ನಿಮ್ಮ ದೋಷದ ಪ್ರಶ್ನೆಗೆ ನೇರವಾಗಿ ಬರುತ್ತೇನೆ.

ಆಗಮಗಳ ಪ್ರಕಾರ ತಲೆ, ಕೈ, ಕಾಲು ಮುಂತಾದ ಮುಖ್ಯ ಅಂಗಗಳು ಭಗ್ನವಾದ ಮೂರ್ತಿಗೆ ಆವಾಹನೆ, ಅಭಿಷೇಕ, ನೈವೇದ್ಯಗಳ ವಿಧಿವತ್ ಪೂಜೆ ಸಲ್ಲದು. ಒಡವೆಯ ತುದಿ, ಪ್ರಭಾವಳಿಯ ಅಂಚು ಮುಕ್ಕಾದರೆ ಸರಿಪಡಿಸಿಕೊಳ್ಳಬಹುದು. ಕೈ ಮುರಿದರೆ ಹಾಗಾಗದು. ಅಂಥ ಸಂದರ್ಭದಲ್ಲಿ ಮೂರ್ತಿಯಲ್ಲಿದ್ದ ದೇವಕಲೆಯನ್ನು ಮಂತ್ರಪೂರ್ವಕವಾಗಿ ಕಲಶಕ್ಕೆ ಸೆಳೆದುಕೊಳ್ಳುತ್ತಾರೆ. ಇದಕ್ಕೆ ಕಲಾಕರ್ಷಣ ಎನ್ನುತ್ತಾರೆ. ಆಮೇಲೆ ಹೊಸ ಮೂರ್ತಿ ಮಾಡಿಸಿ, ಆ ಕಲಶದ ನೀರಿನಿಂದ ಪ್ರತಿಷ್ಠೆ ನಡೆಸಿ, ಹಳೆಯದನ್ನು ಆಳವಾದ ನೀರಿಗೆ ಬಿಡುವುದು ಕ್ರಮ. ಶೃಂಗೇರಿಯಲ್ಲಿಯೂ ಆದಿಶಂಕರರು ಪ್ರತಿಷ್ಠಿಸಿದ್ದು ಶ್ರೀಗಂಧದ ಶಾರದೆಯೆಂದೂ, ಈಗಿನ ಮೂರ್ತಿ ವಿದ್ಯಾರಣ್ಯರ ಕಾಲದ್ದೆಂದೂ ಪರಂಪರೆ ಹೇಳುತ್ತದೆ. ಮೂರ್ತಿ ಬದಲಾದರೂ ಅಲ್ಲಿಯ ಸಾನ್ನಿಧ್ಯಕ್ಕೆ ಕುಂದು ಬಂದಿತೆಂದು ಯಾರೂ ಹೇಳುವುದಿಲ್ಲ.

ಆದರೆ ಒಂದು ಮಾತನ್ನು ಗಮನಿಸಬೇಕು. ಅಕ್ಷರಾಭ್ಯಾಸ ಎಂಬುದು ಗುಡಿಯ ಪೂಜೆಯಲ್ಲ. ಅದು ಮಗುವಿನ ಸಂಸ್ಕಾರ. ಅದರಲ್ಲಿ ಮೊದಲು ಗಣಪತಿಯ ಪೂಜೆ, ಆಮೇಲೆ ಕಲಶದಲ್ಲಿಯೋ ಪುಸ್ತಕದಲ್ಲಿಯೋ ಸರಸ್ವತಿಯ ಆವಾಹನೆ, ಆಮೇಲೆ ತಂದೆಯ ಅಥವಾ ಗುರುಗಳ ತೊಡೆಯ ಮೇಲೆ ಮಗುವನ್ನು ಕೂಡಿಸಿಕೊಂಡು ಹರಿವಾಣದ ಅಕ್ಕಿಯ ಮೇಲೆ ಅರಿಷಿಣದ ಕೊನೆಯಿಂದ ಅಕ್ಷರ ಬರೆಸುವುದು. ಕಲ್ಲಿನ ಮೂರ್ತಿ ಇದಕ್ಕೆ ಬೇಕೇ ಬೇಕೆಂಬ ವಿಧಿಯಿಲ್ಲ. ನಮ್ಮ ನವರಾತ್ರಿಯನ್ನೇ ನೆನಪಿಸಿಕೊಳ್ಳಿ. ಮೂಲಾ ನಕ್ಷತ್ರದ ದಿನ ಮನೆಯ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ, ಮೇಲೊಂದು ರೇಶಿಮೆ ಖಣ ಹೊದಿಸಿ, ಅವುಗಳಲ್ಲಿಯೇ ಶಾರದೆಯನ್ನು ಆವಾಹಿಸುತ್ತೇವೆ. ಶ್ರವಣ ನಕ್ಷತ್ರದ ದಿನ ವಿಸರ್ಜನೆಯಾಗುವವರೆಗೆ ಆ ಪುಸ್ತಕಗಳನ್ನು ತೆರೆಯುವುದಿಲ್ಲ. ಲಕ್ಷ್ಮಿಗೆ ಕಲಶ, ಗೌರಿಗೆ ಅರಿಷಿಣದ ಗುಬ್ಬಿ, ಸರಸ್ವತಿಗೆ ಪುಸ್ತಕ: ನಮ್ಮ ಮನೆಗಳಲ್ಲಿ ಅವಳ ಮುಖ್ಯ ಮೂರ್ತಿ ಇದೇ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಸಂಸ್ಕಾರವನ್ನು ಮನೆಯಲ್ಲಿಯೋ, ಪೂಜೆ ನಡೆಯುತ್ತಿರುವ ತ್ರಿಕೂಟೇಶ್ವರನ ಸನ್ನಿಧಿಯಲ್ಲಿ ಅರ್ಚಕರನ್ನು ಕೇಳಿಕೊಂಡೋ ಮಾಡಿಸಿ. ಮುಗಿದ ಮೇಲೆ ಮಗುವನ್ನು ಸರಸ್ವತಿ ಗುಡಿಗೆ ಕರೆದುಕೊಂಡು ಹೋಗಿ ನಮಸ್ಕಾರ ಮಾಡಿಸಿ. ಭಗ್ನಮೂರ್ತಿಗೆ ಕೈಮುಗಿಯಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹಿರಿಯರಿಗೆ ಅಂಗವೈಕಲ್ಯ ಬಂದರೆ ನಾವು ಕಾಲಿಗೆ ಬೀಳುವುದನ್ನು ಬಿಡುತ್ತೇವೆಯೇ?

ದಿನದ ವಿಷಯ. ಮಾಘ ಶುದ್ಧ ಪಂಚಮಿ ಉತ್ತಮ ದಿನವೇ. ಉತ್ತರಾಯಣದಲ್ಲಿ ಬರುವುದರಿಂದ ಮುಹೂರ್ತದ ತೊಡಕೂ ಕಡಿಮೆ. ಆದರೆ ಆ ದಿನ ಸರಸ್ವತಿಯ ದೊಡ್ಡ ಹಬ್ಬ ಮಾಡುವ ರೂಢಿ ಬಂಗಾಲ, ಬಿಹಾರಗಳ ಕಡೆಗೆ ಹೆಚ್ಚು. ನಮ್ಮಲ್ಲಿ ವಿಜಯದಶಮಿಯೇ ಮುಖ್ಯ. ಅಂದು ಬೇರೆ ಮುಹೂರ್ತ ನೋಡುವ ಅಗತ್ಯವೂ ಇಲ್ಲ. ನಿಮಗೆ ಜೂನ್ ಒಳಗೆ ಆಗಬೇಕಿರುವುದರಿಂದ ಪಂಚಮಿಯನ್ನೇ ಇಟ್ಟುಕೊಳ್ಳಿ.

ನಿವೃತ್ತ ಮಾಸ್ತರ (ಬೆಟಗೇರಿ) ಬರೆದದ್ದು:

ಪುರೋಹಿತರ ಮಾತನ್ನು ಒಪ್ಪುತ್ತೇನೆ. ಅದಕ್ಕೆ ಸಾಲಿಯ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ನಮ್ಮ ಭಾಗದ ಹಳೆಯ ಗಾಂವಟಿ ಸಾಲಿಗಳಲ್ಲಿ ಮಕ್ಕಳು ಮೊದಲು ತಿದ್ದುತ್ತಿದ್ದದ್ದು ನೆಲದ ಮೇಲೆ ಹರಡಿದ ಮರಳಿನಲ್ಲಿ. ಬೆರಳಿನ ತುದಿ ಉರಿಯುವಷ್ಟು ಹೊತ್ತು ಒಂದೇ ಅಕ್ಷರದ ಮೇಲೆ ತಿದ್ದಿಸಿ, ಕೈ ಕುದುರಿದ ಮೇಲೆ ಪಾಟಿ ಕೊಡುತ್ತಿದ್ದರು. ಮೊದಲ ಪಾಠವಾಗಿ ಕೆಲವರು ಓಂಕಾರವನ್ನು, ಕೆಲವರು ಶಿವನ ಪಂಚಾಕ್ಷರವನ್ನು, ಕೆಲವರು ‘ಸಿದ್ಧಂ ನಮಃ’ ಎಂಬುದನ್ನು ಬರೆಸುತ್ತಿದ್ದರು. ಈ ಕೊನೆಯದು ಜೈನರ ಬಸದಿಗಳ ಪಾಠಕ್ರಮದಿಂದ ಬಂದದ್ದೆಂದು ಬಲ್ಲವರು ಹೇಳುತ್ತಾರೆ. ಆದರೂ ಜೈನರಲ್ಲದ ಮನೆಗಳ ಮಕ್ಕಳೂ ಅದನ್ನೇ ಬರೆದು ಅಕ್ಷರ ಕಲಿತರು. ಸಾಧನಕೇರಿಯವರು ಹೇಳಿದ ಲಕ್ಕುಂಡಿ, ಮುಳಗುಂದಗಳ ಮಾತಿಗೆ ಇದನ್ನು ಜೋಡಿಸಿಕೊಳ್ಳಬಹುದು. ಮಹಾನವಮಿಗೆ ಮನೆಗಳಲ್ಲಿ ಖಂಡೆ (ಆಯುಧ) ಪೂಜೆಯಾದರೆ ಸಾಲಿಯಲ್ಲಿ ಪಾಟಿ ಪೂಜೆ. ಪಾಟಿಯನ್ನು ಇದ್ದಲಿ ಮತ್ತು ಎಲೆಯ ರಸದಿಂದ ತಿಕ್ಕಿ ಕರ್ರಗೆ ಮಾಡಿ, ಬಳಪದಿಂದ ಸರಸ್ವತಿಯ ಚಿತ್ರ ಬಿಡಿಸಿ, ಚುರುಮರಿ-ಪುಠಾಣಿ ಹಂಚುತ್ತಿದ್ದೆವು.

ಗದಗಿನಲ್ಲಿ ಸರಸ್ವತಿಯನ್ನು ಕಾಣಬೇಕೆಂದರೆ ಒಂದು ಗುಡಿಗೇ ನಿಲ್ಲಬಾರದೆಂಬುದು ನನ್ನ ಮಾತು. ಕೋಳಿವಾಡದಿಂದ ಬಂದ ಕುಮಾರವ್ಯಾಸ ವೀರನಾರಾಯಣನ ಗುಡಿಯ ಕಂಬಕ್ಕೊರಗಿ ಭಾರತವನ್ನು ಬರೆದನೆಂದು ಊರೆಲ್ಲ ನಂಬುತ್ತದೆ. ಒದ್ದೆಯ ಬಟ್ಟೆ ಮೈಮೇಲೆ ಆರುವ ತನಕ ಮಾತ್ರ ಕಾವ್ಯ ಹರಿಯುತ್ತಿತ್ತು ಎಂಬ ಕತೆಯನ್ನು ನಮ್ಮ ಕಡೆಯ ಪ್ರತಿಯೊಂದು ಮಗುವೂ ಕೇಳಿರುತ್ತದೆ. ಅದೇ ಊರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳೂ, ಅವರ ಶಿಷ್ಯರಾದ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳೂ ಸಾವಿರಾರು ಅಂಧ ಮತ್ತು ಅನಾಥ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ತಂಗಿ, ಮಗಳಿಗೆ ಅಕ್ಷರ ಬರೆಸಿದ ದಿನ ಸ್ವಲ್ಪ ಬಿಡುವು ಮಾಡಿಕೊಂಡು ಆಶ್ರಮಕ್ಕೆ ಒಂದು ಹೊತ್ತಿನ ಅಕ್ಕಿ-ಬೇಳೆ ಮುಟ್ಟಿಸಿ ಬನ್ನಿ. ಮಲ್ಲಿಷೇಣರೂ ಅತ್ತಿಮಬ್ಬೆಯೂ ಒಪ್ಪುವ ಪೂಜೆ ಅದು.

ಹಾವೇರಿಯ ಎಂಜಿನಿಯರ್ ಬರೆದದ್ದು:

ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹೊಸ ಮೂರ್ತಿ ಪ್ರತಿಷ್ಠಾಪಿಸಲು ಶಾಸ್ತ್ರದಲ್ಲಿ ಅವಕಾಶವಿರುವಾಗ, ಭಗ್ನಮೂರ್ತಿಯನ್ನು ತೆಗೆದು ಹೊಸ ಸರಸ್ವತಿಯನ್ನು ಕೂಡಿಸಿ, ನಿತ್ಯಪೂಜೆ ಆರಂಭಿಸಬಾರದೇಕೆ? ಹಾಗೆ ಮಾಡಿದರೆ ಗದಗು ಬಾಸರದಂತೆ ಪ್ರಸಿದ್ಧವಾಗುತ್ತದೆ, ಊರಿಗೆ ವ್ಯಾಪಾರವೂ ಬೆಳೆಯುತ್ತದೆ. ಸ್ಮಾರಕವೆಂದು ಬೇಲಿ ಹಾಕಿ ಕೂಡಿಸುವುದಕ್ಕಿಂತ ಅದು ಒಳ್ಳೆಯದಲ್ಲವೇ?

ಸಾಧನಕೇರಿ ಓದುಗ (ಧಾರವಾಡ) ಬರೆದದ್ದು:

ತಮ್ಮಾ, ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಗುಡಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ರಕ್ಷಣೆಯಲ್ಲಿದೆ. 1958ರ ಸ್ಮಾರಕಗಳ ಕಾಯ್ದೆಯ ಅಡಿಯಲ್ಲಿ, ರಕ್ಷಣೆಗೆ ತೆಗೆದುಕೊಳ್ಳುವಾಗ ಪೂಜೆ ನಡೆಯುತ್ತಿದ್ದ ಕಡೆ ಅದು ಮುಂದುವರಿಯುತ್ತದೆ. ನಿಂತುಹೋದ ಕಡೆ ಹೊಸದಾಗಿ ಆರಂಭಿಸಲು ಇಲಾಖೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಾನೂನನ್ನು ಬದಿಗಿಟ್ಟರೂ ಆ ಮೂರ್ತಿಯನ್ನು ನೀರಿಗೆ ಬಿಡಬೇಕೆಂದರೆ ಯಾರ ಕೈ ಮುಂದೆ ಬಂದೀತು? ಚಾಲುಕ್ಯ ಶಿಲ್ಪಿ ಕಡೆದ ಹಾರ, ತೋಳಬಂದಿ, ಸೀರೆಯ ನಿರಿಗೆಗಳನ್ನು ಇಂದು ಯಾವ ಕಾರ್ಖಾನೆಯ ಮೂರ್ತಿಯಲ್ಲೂ ಕಾಣಲಾಗದು. ನಿತ್ಯಪೂಜೆ ಆರಂಭವಾದರೆ ಎಣ್ಣೆ, ಕುಂಕುಮ, ಕರ್ಪೂರದ ಹೊಗೆ, ಆಮೇಲೆ ಗೋಡೆಗೆ ಟೈಲ್ಸ್, ಕಂಬಕ್ಕೆ ಆಯಿಲ್ ಪೇಂಟ್. ನಮ್ಮ ಎಷ್ಟು ಹಳೆಯ ಗುಡಿಗಳು ಹೀಗೆ ಕೆಟ್ಟಿವೆ ಎಂಬುದನ್ನು ನೀವೂ ನೋಡಿದ್ದೀರಿ. ತ್ರಿಕೂಟೇಶ್ವರನ ಪೂಜೆ ಪಕ್ಕದಲ್ಲೇ ನಡೆದಿದೆ, ಊರು ಬದುಕಿದೆ. ಸರಸ್ವತಿ ಗುಡಿಯನ್ನು ಹಾಗೆಯೇ ಬಿಡೋಣ.

ವಿದ್ಯಾನಗರದ ತಾಯಿ (ಹುಬ್ಬಳ್ಳಿ) ಬರೆದದ್ದು:

ಎಲ್ಲ ಹಿರಿಯರಿಗೂ ಕೃತಜ್ಞತೆಗಳು. ಮಾವನವರಿಗೆ ಈ ಉತ್ತರಗಳನ್ನು ಓದಿ ಹೇಳಿದೆ. ಸಂಸ್ಕಾರವನ್ನು ಪಂಚಮಿಯ ದಿನ ತ್ರಿಕೂಟೇಶ್ವರನ ಸನ್ನಿಧಿಯಲ್ಲಿ ಮಾಡಿಸಲು ಅವರು ಒಪ್ಪಿದ್ದಾರೆ. ಶೃಂಗೇರಿಗೆ ಬೇಸಿಗೆಯ ರಜೆಯಲ್ಲಿ ಹೋಗಲೇಬೇಕೆಂಬ ಕರಾರನ್ನೂ ಹಾಕಿದ್ದಾರೆ. ಇನ್ನೊಂದು ಸಂದೇಹವಿದೆ. ಮಗಳಿಗೆ ಸರಸ್ವತಿ ಎಂದರೆ ವೀಣೆ ಹಿಡಿದವಳು, ಬಿಳಿ ಸೀರೆ ಉಟ್ಟವಳು. ಗದಗಿನ ಮೂರ್ತಿಯ ತೊಡೆಯ ಮೇಲೆ ವೀಣೆಯ ಗುರುತು ನನಗೆ ಕಾಣಲಿಲ್ಲ. ಅದು ನಿಜವಾಗಿಯೂ ಸರಸ್ವತಿಯೇ ಎಂದು ಮಗಳು ಕೇಳಿದರೆ ಏನು ಹೇಳಲಿ?

ಸಾಧನಕೇರಿ ಓದುಗ (ಧಾರವಾಡ) ಬರೆದದ್ದು:

ಒಳ್ಳೆಯ ಪ್ರಶ್ನೆ, ಅಕ್ಕಾವರೇ. ವೀಣೆಯ ಸರಸ್ವತಿ ಹಳೆಯ ಶ್ಲೋಕಗಳಲ್ಲಿ ಇದ್ದಾಳೆ, ಆದರೆ ಪ್ರತಿ ಮನೆಯ ಗೋಡೆಗೆ ಅವಳು ಬಂದದ್ದು ರವಿವರ್ಮನ ಮುದ್ರಣಾಲಯ 1894ರಲ್ಲಿ ಆರಂಭವಾಗಿ ಬಣ್ಣದ ಪಟಗಳು ಪೇಟೆಗೆ ಬಂದ ಮೇಲೆ. ಕಲ್ಯಾಣ ಚಾಲುಕ್ಯ, ಹೊಯ್ಸಳ ಕಾಲದ ಶಿಲ್ಪಿಗಳು ನಾಲ್ಕು ಕೈಯ ಸರಸ್ವತಿಗೆ ಸಾಮಾನ್ಯವಾಗಿ ಕೊಟ್ಟದ್ದು ಜಪಮಾಲೆ, ಅಂಕುಶ, ಪಾಶ ಮತ್ತು ಪುಸ್ತಕ. ಆ ಪುಸ್ತಕವೂ ಈಗಿನ ಪುಸ್ತಕದಂತಿರುವುದಿಲ್ಲ. ಎರಡು ಹಲಗೆಗಳ ನಡುವೆ ದಾರ ಕಟ್ಟಿದ ಓಲೆಗರಿಯ ಕಟ್ಟು, ಅಂಗೈಯಲ್ಲಿ ಅಡ್ಡಲಾಗಿ ಹಿಡಿದಿರುತ್ತಾಳೆ. ಅಂಕುಶ, ಪಾಶಗಳು ಆನೆಯನ್ನು ಹತೋಟಿಗೆ ತರುವ ಮಾವುತನ ಸಾಧನಗಳು. ಓದುವವನ ಚಂಚಲ ಮನಸ್ಸಿಗೆ ಅವು ಎಷ್ಟು ಬೇಕೆಂಬುದನ್ನು ನಿಮ್ಮ ಮಗಳು ಒಂದೆರಡು ವರ್ಷದಲ್ಲಿ ತಾನೇ ತಿಳಿಯುತ್ತಾಳೆ. ಹಳೇಬೀಡಿನಲ್ಲಿ ಅವಳು ನರ್ತಿಸುತ್ತಾಳೆ. ಜೈನ ಬಸದಿಗಳಲ್ಲಿ ಅವಳೇ ಶ್ರುತದೇವಿ. ತೀರ್ಥಂಕರರ ವಾಣಿಯೇ ಅವಳ ರೂಪವೆಂದು ಅವರು ತಿಳಿಯುತ್ತಾರೆ, ಎಷ್ಟೋ ಕಡೆ ಅವಳ ಶಿರದ ಮೇಲ್ಗಡೆ ಒಂದು ಕಿರಿಯ ಜಿನಮೂರ್ತಿ ಇರುತ್ತದೆ.

ಲಕ್ಕುಂಡಿಯ ಬ್ರಹ್ಮಜಿನಾಲಯದಲ್ಲಿ ನಾಲ್ಕು ಮುಖದ ಬ್ರಹ್ಮನ ಎದುರು-ಬದುರಾಗಿ ಒಬ್ಬ ದೇವಿಯ ಮೂರ್ತಿ ಇದೆ. ಅವಳನ್ನು ಕೆಲವರು ಪದ್ಮಾವತಿ ಎನ್ನುತ್ತಾರೆ, ಕೆಲವರು ಸರಸ್ವತಿ ಎನ್ನುತ್ತಾರೆ. ಗದಗಿನಲ್ಲಿ ಕೆಲಸ ಮುಗಿದ ಮೇಲೆ ಅಲ್ಲಿಗೂ ಹೋಗಿ. ದಾರಿ ಅರ್ಧ ತಾಸಿನದು, ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಇನ್ನೂ ಕೆಲವು ಹಳೆಯ ಮೂರ್ತಿಗಳಿವೆ.

ಕೋಟೆ ಓಣಿಯ ಪುರೋಹಿತ (ಗದಗ) ಬರೆದದ್ದು:

ತಾಯಿ, ಬರುವ ಮುನ್ನ ಒಂದೆರಡು ದಿನ ಮೊದಲೇ ಗುಡಿಯ ಅರ್ಚಕರಿಗೆ ತಿಳಿಸಿಬಿಡಿ. ಪಂಚಮಿಯ ದಿನ ನಿಮ್ಮಂತೆಯೇ ಬೇರೆಯವರೂ ಬಂದಾರು. ಹೊಸ ಪಾಟಿ, ಬಳಪ, ಎರಡು ಸೇರು ಅಕ್ಕಿ, ಅರಿಷಿಣದ ಕೊನೆ, ಒಂದು ಕನ್ನಡ ಅಂಕಲಿಪಿ, ಹಣ್ಣು-ಕಾಯಿ ಇಷ್ಟಿದ್ದರೆ ಸಾಕು. ಸಂಸ್ಕಾರ ಮುಗಿದ ಮೇಲೆ ಆ ಅಕ್ಕಿಯನ್ನು ಮನೆಗೆ ಒಯ್ದು ಪಾಯಸ ಮಾಡಿ ಮಗುವಿಗೆ ಉಣಿಸಿ. ಸರಸ್ವತಿ ಗುಡಿಯಲ್ಲಿ ಕಂಬಗಳಿಗಾಗಲಿ ಮೂರ್ತಿಗಾಗಲಿ ಅರಿಷಿಣ-ಕುಂಕುಮ ಹಚ್ಚಬೇಡಿ, ಊದಿನಕಡ್ಡಿ ಬೆಳಗಬೇಡಿ. ಹೊಸ್ತಿಲಿನ ಈಚೆ ಮಗುವನ್ನು ನಿಲ್ಲಿಸಿ, ಬರೆದ ಪಾಟಿಯನ್ನು ದೇವಿಗೆ ತೋರಿಸಲು ಹೇಳಿ.